ಆರೂವರೆ ಕಿಲೋದ ಫ್ಲೈವೀಲು

ಭರಮವ್ವ ಮಟನ್ ಸಾರಿನ ಪಾತೇಲಿಗೆ ಸೌಟನ್ನು ಎಷ್ಟು ಆಳಕ್ಕೆ ಇಳಿಸುತ್ತಾಳೆ ಎಂಬುದನ್ನು ನೋಡಿದರೆ ಸಾಕು, ಆ ಮನೆಯಲ್ಲಿ ಯಾರ ಬೆಲೆ ಎಷ್ಟು ಎಂದು ಹೇಳಿಬಿಡಬಹುದಿತ್ತು. ಅಳಿಯ ಸುಜಯನಿಗೆ ಬಡಿಸುವಾಗ ಸೌಟು ತಳ ಮುಟ್ಟಿ ಬರುತ್ತಿತ್ತು. ಮಗ ಬಾಳೇಶನ ಸರದಿ ಬಂದಾಗ ಮೇಲುಮೇಲಿನ ರಸಕ್ಕೇ ತೃಪ್ತಿಪಟ್ಟು ಎದ್ದು ಬರುತ್ತಿತ್ತು. ನಲವತ್ತೆರಡು ವರ್ಷದ ಗಂಡಸು ತಾಟಿನಲ್ಲಿಯ ತುಂಡು ಎಣಿಸುವುದು ಚೆಂದವಲ್ಲ. ಬಾಳೇಶ ಎಣಿಸುತ್ತಿದ್ದ. ಆ ರವಿವಾರ ಅಳಿಯನಿಗೆ ಆರು, ತನಗೆ ಎರಡು. ಆ ಎರಡರಲ್ಲೂ ಒಂದು ಬರೀ ಎಲುಬು.

"ಅವ್ವಾ, ನಾನೂ ಇಲ್ಲೇ ಕುಂತೀನಿ," ಎಂದ.

"ಕಾಣ್ತೈತಿ ತಗೋ. ನೀ ದಿನಾ ಕುಂದ್ರಾಂವ. ಅಳ್ಯಾರು ಖಾನಾಪುರದಿಂದ ಬಂದಾರ."

"ವಾರಕ್ಕ ಮೂರ ಸಲ ಬರ್ತಾರ."

"ಬರ್ಲಿ. ನಿನ್ನ ತಲಿ ಮ್ಯಾಲೆ ಬಂದ ಕುಂದ್ರತಾರೇನು?"

ಸುಜಯ ಇನ್ನೂ ಊಟಕ್ಕೆ ಕೈ ಹಚ್ಚಿರಲಿಲ್ಲ. ತನ್ನ ತಾಟಿನಿಂದ ಎರಡು ತುಂಡು ತೆಗೆದು ಬಾಳೇಶನ ತಾಟಿಗೆ ಹಾಕಿದ. "ತಗೋರಿ ಅಣ್ಣಾರ. ನನಗ ಇಷ್ಟ ಹೋಗೂದಿಲ್ಲ."

ಇದೇ ಬಾಳೇಶನಿಗೆ ತಡೆಯದ ಸಂಗತಿ. ತಂಗಿಯ ಗಂಡ ಸೊಕ್ಕಿನವನಾಗಿದ್ದರೆ ಬೈದು ಹಗುರಾಗಬಹುದಿತ್ತು. ಈ ಮನುಷ್ಯ ಬೈಯಲಿಕ್ಕೂ ಜಾಗ ಬಿಡುತ್ತಿರಲಿಲ್ಲ.

ಸುಜಯನದು ಖಾನಾಪುರದಲ್ಲಿ ಗ್ಯಾರೇಜು. ಹೆಂಡತಿ ಮನಿಷಾಳನ್ನೂ ಒಂಬತ್ತು ತಿಂಗಳ ಕೂಸನ್ನೂ ಕರೆದುಕೊಂಡು ಬೆಳಗಾವಿಯ ಮಹಾಂತೇಶ ನಗರದ ಈ ಮಾವನ ಮನೆಗೆ ಅವನು ಬರುತ್ತಿದ್ದುದು ಊಟಕ್ಕಲ್ಲ, ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ನಿಂತಿದ್ದ ಕರಿ ಕಾಂಟೆಸಾ ಕಾರಿಗಾಗಿ.

ಆ ಕಾರು ಮಾವನದು, ಎಂದರೆ ಬಾಳೇಶನ ಅಪ್ಪ ನಾಗಲಿಂಗನದು. ಉದ್ಯಮಬಾಗದ ಒಬ್ಬ ಫೌಂಡ್ರಿ ಮಾಲೀಕರಿಗೆ ನಾಗಲಿಂಗ ಮೂವತ್ತು ವರ್ಷ ಡ್ರೈವರನಾಗಿದ್ದ. ಮನೆಯಲ್ಲಿ ಈಗಲೂ ಅವರ ಹೆಸರು ಸೇಠರು ಎಂದೇ. ಸೇಠರಿಗೆ ವೇಗದ ಹುಚ್ಚು. ಕಾಂಟೆಸಾಕ್ಕೆ ದೊಡ್ಡ ಇಂಜಿನ್ ಕೂಡ್ರಿಸಿ, ಬೆಳಗಿನ ಜಾವ ಗೆಳೆಯರ ಗಾಡಿಗಳ ಜೊತೆ ಆಂಬೋಲಿ ಘಾಟು ಹತ್ತಿಸುತ್ತಿದ್ದರು. ಸ್ಟೇರಿಂಗ್ ಹಿಂದೆ ನಾಗಲಿಂಗ, ಪಕ್ಕದಲ್ಲಿ ಗಡಿಯಾರ ಹಿಡಿದು ಸೇಠರು. ಮುದಿತನದಲ್ಲಿ ಮಗಳ ಮನೆಗೆಂದು ಪುಣೆಗೆ ಹೋಗುವಾಗ ಕಾರನ್ನು ನಾಗಲಿಂಗನ ಹೆಸರಿಗೆ ಮಾಡಿಕೊಟ್ಟು ಹೋದರು.

ಇಪ್ಪತ್ತನೆಯ ವಯಸ್ಸಿನಲ್ಲಿ ಬಾಳೇಶ ಒಂದೇ ಒಂದು ಸಲ ಆ ಕಾರನ್ನು ಓಡಿಸಿದ್ದ. ಜಾಂಬೋಟಿ ರಸ್ತೆಯ ಏರಿನಲ್ಲಿ ಕ್ಲಚ್ಚಿನ ಮೇಲಿನ ಕಾಲು ತೆಗೆಯದೆ ಅದನ್ನು ಸುಟ್ಟು ಹೊಗೆ ಎಬ್ಬಿಸಿದ. ನಾಗಲಿಂಗ ಅವತ್ತು ಹೊಡೆಯಲಿಲ್ಲ. ಚಾವಿ ಕಿತ್ತುಕೊಂಡು "ನಿನಗ ಗಾಡಿ ಆಗೂದಿಲ್ಲ" ಎಂದ, ಅಷ್ಟೆ. ಹೊಡೆದಿದ್ದರೆ ಒಂದು ವಾರದಲ್ಲಿ ಮರೆಯುತ್ತಿತ್ತು. ಆ ಮಾತು ಇಪ್ಪತ್ತೆರಡು ವರ್ಷವಾದರೂ ಮರೆಯಲಿಲ್ಲ. ಬಾಳೇಶ ಉದ್ಯಮಬಾಗದಲ್ಲಿ ಈರಣ್ಣನ ವರ್ಕ್‌ಶಾಪಿಗೆ ಸೇರಿ ಟರ್ನರ್ ಆದ, ಲೇಥಿನ ಮೇಲೆ ಅವನ ಕೈ ಎಂದರೆ ಕೈ ಎಂದು ಹೆಸರಾಯಿತು. ಆದರೆ ಅಪ್ಪ ಒಂದು ದಿನವೂ ವರ್ಕ್‌ಶಾಪಿಗೆ ಬಂದು ಆ ಕೈಯನ್ನು ನೋಡಲಿಲ್ಲ.

ಈಗ ಅಳಿಯ ಬಂದ. ಬಂದವನೇ ಮುದುಕನ ಜೊತೆ ಶೆಡ್ಡು ಸೇರಿದ.

ಹತ್ತು ವರ್ಷದಿಂದ ಕಾರು ನಿಂತದ್ದು ಗೇರ್ ಬಾಕ್ಸಿನ ದೆಸೆಯಿಂದ. ನಾಲ್ಕು ಗೇರಿನ ಹಳೆಯ ಪೆಟ್ಟಿಗೆಯಲ್ಲಿ ಎರಡನೆಯದು ನಿಲ್ಲುತ್ತಿರಲಿಲ್ಲ. ಸುಜಯ ಕೊಲ್ಲಾಪುರದ ಗುಜರಿಯಲ್ಲಿ ಐದು ಗೇರಿನ ಪೆಟ್ಟಿಗೆ ಹುಡುಕಿ ತಂದ. ಅದು ಹಳೆಯದಕ್ಕಿಂತ ನಾಲ್ಕು ಬೆರಳು ಉದ್ದ. ಹಿಂದಿನ ಶಾಫ್ಟು ಗಿಡ್ಡ ಮಾಡಬೇಕು, ಲಿವರ್ ಬರುವ ತೂತು ಹಿಂದಕ್ಕೆ ಸರಿಸಬೇಕು. ಎಲ್ಲಕ್ಕೂ ಸುಜಯನಲ್ಲಿ ಉಪಾಯವಿತ್ತು. ಇನ್ನು ಐದು ವಾರಕ್ಕೆ ಹಲಸಿಯ ಹತ್ತಿರದ ಬೀರಪ್ಪನ ಗುಡಿಯಲ್ಲಿ ಕೂಸಿನ ಜಾವಳ. ಮೊಮ್ಮಗನ ಮೊದಲ ಕೂದಲು ತೆಗೆಸಲು ಇದೇ ಕಾರಿನಲ್ಲಿ ಹೋಗಬೇಕು ಎಂಬುದು ನಾಗಲಿಂಗನ ಹಟ.

ಎರಡನೆಯ ವಾರ ಇಂಜಿನ್ನಿನ ಬೆನ್ನಿನಿಂದ ಫ್ಲೈವೀಲು ಹೊರಗೆ ಬಂತು. ಬೀಡು ಕಬ್ಬಿಣದ ದಪ್ಪ ಚಕ್ರ, ಹತ್ತು ಕಿಲೋ ತೂಕ. ಇಂಜಿನ್ ತಿರುಗಿದಷ್ಟೂ ವೇಗದಲ್ಲಿ ಅದೂ ತಿರುಗಬೇಕು. ತೂಕ ಇಳಿಸಿದರೆ ಕಾಲಿಟ್ಟ ಕೂಡಲೇ ಇಂಜಿನ್ ಏರುತ್ತದೆ. ಸುಜಯ ಅದರ ಹಿಂಬದಿಯಲ್ಲಿ ಸೀಮೆಸುಣ್ಣದಿಂದ ದುಂಡಗೆ ಒಂದು ಗೀಟು ಎಳೆದ.

"ಈ ಗೀಟಿನ ಹೊರಗಿಂದಷ್ಟ ತೆಗೀಬೇಕ್ರಿ ಮಾವಾರ. ಎಂಟೂವರಿ ಕಿಲೋಕ್ಕ ನಿಂದರ್ಸೂಣು. ಗೀಟ ದಾಟಿ ಒಳಗ ಹೋದ್ರ ತೆಳ್ಳಗಾಗತೈತಿ."

ನಾಗಲಿಂಗ ಮೂಗು ಮುರಿದ. "ಎಂಟೂವರಿ? ಸೇಠರ ಫ್ಲೈವೀಲ್ ಆರೂವರಿ ಕಿಲೋ ಇತ್ರಿ! ಘಾಟ್ ಓಡ್ಸೂದ ಬಿಟ್ಟ ಮ್ಯಾಲೆ ಅದನ್ನ ತಗದ ತಮ್ಮ ಹಂತೇಕ ಇಟಗೊಂಡು ಈ ಹಳೇದ ಹಾಕ್ಸಿದ್ರು. ಅಂಥಾ ಕೆಲಸಾ ಮಾಡೋ ಟರ್ನರು ಈಗ ಬೆಳಗಾವ್ಯಾಗ ಎಲ್ಲಿ ಅದಾರ? ಕೊಲ್ಲಾಪುರಕ್ಕ ಒಯ್ದ ಬಿಡ್ರಿ."

ಬಾಗಿಲಲ್ಲಿ ನಿಂತಿದ್ದ ಬಾಳೇಶ ಒಳಗೆ ಬಂದ. "ಅಪ್ಪಾ, ಮನ್ಯಾಗ ಒಬ್ಬಾಂವ ಟರ್ನರ್ ಅದಾನ. ನೆನಪೈತೇನು?"

"ನೀ ಬೋಲ್ಟು ಬುಷ್ಷು ಮಾಡಾಂವ. ಇದು ಗಾಡಿ ಕೆಲಸ."

"ಅಣ್ಣಾರ ಕಡೇನ ಕೊಡೂಣ್ರಿ ಮಾವಾರ," ಎಂದು ಸುಜಯ ನಡುವೆ ಬಂದ. "ಅವರ ಕೈ ಇದ್ದಂಗ ಯಾರದೈತಿ?"

ಅಪ್ಪ ಕೂಡಲೇ "ಹೂಂ" ಎಂದ. ಮಗ ಕೇಳಿದರೆ ಇಲ್ಲ, ಅಳಿಯ ಕೇಳಿದರೆ ಹೂಂ! ಕೆಲಸ ಸಿಕ್ಕ ಖುಷಿಗಿಂತ ಶಿಫಾರಸಿನ ಮೇಲೆ ಸಿಕ್ಕ ಅವಮಾನವೇ ಬಾಳೇಶನಿಗೆ ದೊಡ್ಡದಾಯಿತು.

ಮರುದಿನ ಪಾಳಿ ಮುಗಿದ ಮೇಲೆ ಈರಣ್ಣನ ಅಪ್ಪಣೆ ಪಡೆದು ಚಕ್ರವನ್ನು ಲೇಥಿಗೆ ಏರಿಸಿದ. ಬೀಡು ಕತ್ತರಿಸಿದರೆ ಸುರುಳಿ ಬರುವುದಿಲ್ಲ, ಕರಿ ಹಿಟ್ಟಿನಂತೆ ಉದುರುತ್ತದೆ. ಉದುರುತ್ತ ಉದುರುತ್ತ ಹೊರ ಅಂಚು ಇಳಿಯಿತು, ಗೀಟು ಬಂತು. ತೂಗಿದ. ಎಂಟೂವರೆ, ಒಂದು ಗ್ರಾಂ ಆಚೀಚೆ ಇಲ್ಲ. ಕೆಲಸ ಮುಗಿದಿತ್ತು.

ಅಲ್ಲಿಗೇ ಬಿಡಬೇಕಿತ್ತು. ಆದರೆ ಖಾನಾಪುರದ ಮೆಕ್ಯಾನಿಕ್ಕನೊಬ್ಬ ಎಳೆದ ಗೀಟಿಗೆ ಇಪ್ಪತ್ತೆರಡು ವರ್ಷ ಲೇಥು ನಡೆಸಿದ ಟರ್ನರ್ ಯಾಕೆ ನಿಲ್ಲಬೇಕು? ಇಷ್ಟು ಮಾಡಿ ಕೊಟ್ಟರೆ ಹೆಸರು ಯಾರಿಗೆ? ಗೀಟು ಎಳೆದವನಿಗೆ. ಸೇಠರದು ಆರೂವರೆ ಕಿಲೋ ಇತ್ತಂತಲ್ಲ, ಘಾಟು ಹತ್ತಿತಲ್ಲ, ಏನೂ ಆಗಲಿಲ್ಲವಲ್ಲ ಎಂದುಕೊಂಡು ಬಾಳೇಶ ಮತ್ತೆ ಮಶೀನು ಚಾಲೂ ಮಾಡಿದ. ಉಳಿ ಬಿಳಿ ಗೀಟನ್ನು ದಾಟಿ ಒಳಗೆ ಹೋಯಿತು, ಸೀಮೆಸುಣ್ಣ ಕರಿ ಹಿಟ್ಟಿನಲ್ಲಿ ಬೆರೆತು ಹೋಯಿತು. ಎಂಟು, ಏಳೂವರೆ, ಏಳು. ಆರೂವರೆಗೆ ಬಂದಾಗ ಚಕ್ರದ ನಡುಭಾಗ ಬೆರಳಿಗೇ ತೆಳ್ಳಗೆ ತಾಗುತ್ತಿತ್ತು. ಆದರೆ ಮುಖ ನೋಡಿಕೊಳ್ಳುವ ಹಾಗೆ ಹೊಳೆಯುತ್ತಿತ್ತು.

ಮನೆಗೆ ತಂದು ಅಪ್ಪನ ಮಡಿಲಲ್ಲಿಟ್ಟ. "ಆರೂವರಿ ಕಿಲೋ. ತೂಗಿ ನೋಡು."

ನಾಗಲಿಂಗ ತೂಗಲಿಲ್ಲ. ಕನ್ನಡಕ ಏರಿಸಿ, ಹೆಬ್ಬೆರಳಿನಿಂದ ಸುತ್ತಲೂ ಸವರಿದ. ಒಂದು ಸುತ್ತು, ಇನ್ನೊಂದು ಸುತ್ತು. ಆಮೇಲೆ ಮಗನ ಮುಖ ನೋಡಿದ. "ಭಾಳ ಚಲೋ ಮಾಡೀಯೋ ಬಾಳ್ಯಾ. ಇಂಥಾ ಕೈ ಐತಿ ಅಂತ ನನಗ ಗೊತ್ತ ಇರ್ಲಿಲ್ಲ."

ಬಾಳೇಶ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು, ನಳ ಬಿಟ್ಟು ಮುಖ ತೊಳೆದ. ಸ್ವಲ್ಪ ಹೆಚ್ಚು ಹೊತ್ತೇ ತೊಳೆದ.

ಮುಂದಿನ ವಾರಗಳು ಅವನ ಹಬ್ಬ. ಅಪ್ಪ ಓಣಿಯಲ್ಲಿ ಸಿಕ್ಕವರಿಗೆಲ್ಲ "ನಮ್ಮ ಬಾಳ್ಯಾ ಮಾಡಿದ್ದು" ಎನ್ನುತ್ತಿದ್ದ. ಸುಜಯ ಇಂಜಿನ್ನಿಗೆ ಚಕ್ರ ಬಿಗಿದ, ಹೊಸ ಕ್ಲಚ್ಚು ಹಾಕಿದ, ಗೇರ್ ಬಾಕ್ಸು ಏರಿಸಿದ, ಲಿವರಿಗೆ ತೂತು ಕೊರೆದ. ಎಲ್ಲ ಕೂಡಿದ ಗುರುವಾರ ಮನೆಯಲ್ಲಿ ಮತ್ತೆ ಮಟನ್ ಆಯಿತು. ಬಾಳೇಶನ ಹೆಂಡತಿ ಪ್ರಮಿಳಾ ರೊಟ್ಟಿ ಬಡಿಯುತ್ತ ಒಲೆಯ ಮುಂದಿನಿಂದಲೇ ಕೂಗಿದಳು:

"ಅತ್ತೀ, ಸೌಟ ಯಾಕೋ ಇವತ್ತ ತಳಾ ಮುಟ್ಟಾಕತ್ತೈತಿ, ಇವರ ತಾಟಿಗೂ?"

"ಸುಮ್ನಿರ ಬಾಯಿಬಡಕಿ," ಎಂದಳು ಭರಮವ್ವ, ಮಗನಿಗೆ ಐದನೆಯ ತುಂಡು ಹಾಕುತ್ತ.

ಬಾಳೇಶ ಬಾಯಿ ತುಂಬ ನಗುತ್ತ ಜಗಿಯುತ್ತಿದ್ದ. ಆಗಲೇ ನಾಗಲಿಂಗ ಹಳೆಯ ಕಥೆ ತೆಗೆದ.

"ಸೇಠರ ಫ್ಲೈವೀಲ್ ಮಾಡುವಾಗ ನಾನೂ ನಿಂತ ನೋಡೀನಿ. ಮುಂಬಯಿಯಿಂದ ಸ್ಟೀಲಿನ ಗಟ್ಟಿ ತರಿಸಿದ್ರು. ಕಟಿಂಗ್ ಆಗುವಾಗ ನೀಲಿ ನೀಲಿ ಸುರಳಿ ಬೀಳ್ತಿದ್ದೂ, ಸ್ಪ್ರಿಂಗ್ ಇದ್ದಂಗ. ನಿಂದೂ ಹಂಗ ಬಿದ್ದೂವೇನೋ?"

ಬಾಳೇಶ ಎತ್ತಿದ ತುಂಡನ್ನು ತಾಟಿಗೆ ಇಳಿಸಿದ. ಸೇಠರದು ಸ್ಟೀಲು. ತನ್ನ ಲೇಥಿನ ಕೆಳಗೆ ಬಿದ್ದದ್ದು ಕರಿ ಹಿಟ್ಟು. ಸ್ಟೀಲು ಆರೂವರೆಗೆ ತಡೆಯುತ್ತದೆ, ಬಾಗಿದರೂ ಹಿಡಿದುಕೊಳ್ಳುತ್ತದೆ. ಬೀಡು ಬಾಗುವುದಿಲ್ಲ, ಒಡೆಯುತ್ತದೆ. ನಿಮಿಷಕ್ಕೆ ಐದು ಸಾವಿರ ಸುತ್ತು ತಿರುಗುವಾಗ ಒಡೆದರೆ ಚೂರುಗಳು ಕಾರಿನ ನೆಲದ ತಗಡು ಸೀಳಿಕೊಂಡು ಕೂತವರ ಕಾಲಿಗೆ, ಹೊಟ್ಟೆಗೆ ಬರುತ್ತವೆ. ಹಿಂದೊಮ್ಮೆ ವರ್ಕ್‌ಶಾಪಿನಲ್ಲಿ ಸಾಣೆ ಚಕ್ರ ಸಿಡಿದು ಮಾಡಿನ ತಗಡಿನಲ್ಲಿ ಮಾಡಿದ ತೂತನ್ನು ಅವನು ದಿನಾ ತಲೆ ಎತ್ತಿದರೆ ನೋಡುತ್ತಿದ್ದ.

"ಏನೋ, ಸುರಳಿ ಬಿದ್ದೂವಿಲ್ಲೋ?"

"ಹೂಂ ಅಪ್ಪಾ. ಬಿದ್ದೂವು," ಎಂದ ಬಾಳೇಶ.

ಕೋಣೆಯಲ್ಲಿ ಪ್ರಮಿಳಾ ಕೇಳಿದಳು. "ಐದ ತುಂಡ ಹಾಕಿದ್ರೂ ಮೂರ ಬಿಟ್ಟ ಎದ್ರಿ. ಏನಾಗೇತಿ?"

"ಏನಿಲ್ಲ."

"ಅಳ್ಯಾರ ಮ್ಯಾಲಿನ ಸಿಟ್ಟು ಇನ್ನೂ ಇಳದಿಲ್ಲೇನು?"

"ಏನಿಲ್ಲ ಅಂದ್ನೆಲ್ಲ!"

ಹೇಳಿದರೆ ಗೇರ್ ಬಾಕ್ಸು ಮತ್ತೆ ಇಳಿಸಬೇಕು. ಅದು ದೊಡ್ಡದಲ್ಲ. ಹೇಳಿದರೆ ಅಪ್ಪನ ಹೆಬ್ಬೆರಳು ಸವರಿದ್ದು, "ಭಾಳ ಚಲೋ" ಎಂದದ್ದು ಎಲ್ಲ ವಾಪಸು ಹೋಗುತ್ತದೆ, ಅಳಿಯನ ಗೀಟೇ ಸರಿ ಎಂದಾಗುತ್ತದೆ. ಅದನ್ನು ನೆನೆದರೆ ನಾಲಿಗೆ ಏಳುತ್ತಿರಲಿಲ್ಲ.

ಶನಿವಾರ ಸಂಜೆ ಸುಜಯ ಕಾರನ್ನು ಹೊರಗೆ ತೆಗೆದ. ಹಿಂಡಲಗಾತನಕ ಹೋಗಿ ಬರುವುದೆಂದು ಮುದುಕ ಪಕ್ಕದಲ್ಲಿ ಕೂತ. ಬಾಳೇಶ ಬೈಕಿನಲ್ಲಿ ಹಿಂದೆಯೇ ಹೋದ. ಯಾಕೆ ಹೋದ ಎಂದು ಕೇಳಿದರೆ ಎರಡು ಉತ್ತರ, ಎರಡೂ ಖರೆ. ಅಪ್ಪನಿಗೆ ಏನಾದರೂ ಆದೀತು ಎಂಬ ಅಂಜಿಕೆಯಿತ್ತು. ಅದರ ಜೊತೆಗೇ, ಒಡೆಯುವುದಾದರೆ ಇವತ್ತೇ ಮೆಲ್ಲಗೆ ಹೋಗುವಾಗ ಸಣ್ಣದಾಗಿ ಒಡೆದು, ಸುಜಯನ ಕೈಯಲ್ಲಿ ಕೆಟ್ಟಿತು ಎಂದಾಗಲಿ ಎಂಬ ಹೊಲಸು ಆಸೆಯೂ ಇತ್ತು. ಆಸೆ ಹುಟ್ಟಿದ್ದನ್ನು ಅವನೇ ಕಂಡ, ಕಂಡು ಅಸಹ್ಯಪಟ್ಟ, ಆದರೂ ಹಾರ್ನ್ ಹೊಡೆದು ಕಾರು ನಿಲ್ಲಿಸಲಿಲ್ಲ.

ಏನೂ ಒಡೆಯಲಿಲ್ಲ. ನಾಗಲಿಂಗ ಹತ್ತು ವರ್ಷ ಚಿಕ್ಕವನಾಗಿ ಕೆಳಗಿಳಿದ. "ಕಾಲ ಇಟ್ರ ಸಾಕು, ಹಾರತೈತಿ! ಪ್ಯಾಟ್ಯಾಗ ಐದನೇ ಗೇರ್ ಬೀಳ್ಳಿಲ್ಲ. ಸೋಮವಾರ ಜಾವಳಕ್ಕ ಹೋಗುವಾಗ ಖಾನಾಪುರ ಹೈವೇದಾಗ ಹಾಕೂಣು. ಕೂಸಿನ್ನ ನಾ ಮುಂದ ತೊಡಿ ಮ್ಯಾಲೆ ಕುಂಡ್ರಿಸಿಕೋತೀನಿ."

ರವಿವಾರ ಇಡೀ ದಿನ ಮಾತು ಬಾಯಿತನಕ ಬಂದು ಬಂದು ಹಿಂದೆ ಹೋಯಿತು. ಬೆಳಿಗ್ಗೆ ಹೇಳಬೇಕೆಂದರೆ ಅಪ್ಪ ಕಾರು ಒರೆಸುತ್ತ ಹಾಡು ಗುನುಗುತ್ತಿದ್ದ. ಮಧ್ಯಾಹ್ನ ಭರಮವ್ವ "ಅಳ್ಯಾರಿಗಿ ಕುಂದಾ ತಂದ ಬಾ" ಎಂದು ಮಾರ್ಕೆಟ್ಟಿಗೆ ಅಟ್ಟಿದಳು. ಅಳಿಯನ ಕುಂದಾ ಕೈಯಲ್ಲಿ ಹಿಡಿದು ಬರುವಾಗ ಹೇಳುವ ಮನಸ್ಸು ಮತ್ತೆ ಹುಳಿಯಾಯಿತು.

ಸೋಮವಾರ ಬೆಳಿಗ್ಗೆ ಆರಕ್ಕೆ ಎಲ್ಲರೂ ಅಂಗಳದಲ್ಲಿ. ಹೋಳಿಗೆಯ ಡಬ್ಬಿ, ನೀರಿನ ಕ್ಯಾನು, ಕೂಸಿಗೆ ಹೊಸ ಅಂಗಿ. ಪ್ರಮಿಳಾ ಕಾರಿನ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಳು. ಸುಜಯ ಡ್ರೈವರ್ ಸೀಟಿನ ಬಾಗಿಲಿಗೆ ಕೈ ಹಾಕಿದ.

"ತಡೀರಿ ಅಳ್ಯಾರ," ಎಂದ ನಾಗಲಿಂಗ. ಅಂಗಿಯ ಕಿಸೆಯಿಂದ ಚಾವಿ ತೆಗೆದು ಮಗನ ಕಡೆ ಹಿಡಿದ. "ಬಾಳ್ಯಾ, ನೀ ಓಡ್ಸು. ಅವತ್ತ ನಿನಗ ಗಾಡಿ ಆಗೂದಿಲ್ಲ ಅಂದಿದ್ನಿ. ಆ ಮಾತ ಇವತ್ತ ವಾಪಸ್ ತಗೊಂಡ್ನಿ."

ಬಾಳೇಶ ಚಾವಿ ಇಸಿದುಕೊಂಡ. ಇಪ್ಪತ್ತೆರಡು ವರ್ಷ ಕನಸಿನಲ್ಲಿ ಕಂಡ ಚಾವಿ, ಅಪ್ಪನ ಮೈ ಬಿಸಿಗೆ ಬೆಚ್ಚಗಾಗಿತ್ತು. ಸುಜಯ ನಗುತ್ತ ಬಾಗಿಲು ತೆರೆದು ಹಿಡಿದು "ಬರ್ರಿ ಅಣ್ಣಾರ, ಕುಂದರ್ರಿ" ಎಂದ. ಮನಿಷಾಳ ಬಗಲಲ್ಲಿದ್ದ ಕೂಸು ಕಾರಿನ ಕರಿ ಹೊಳಪಿನಲ್ಲಿ ತನ್ನದೇ ಮುಖ ಕಂಡು ಚಪ್ಪಾಳೆ ತಟ್ಟಿತು.

"ಗಾಡಿ ತೆಗಿಯೂದು ಬ್ಯಾಡ ಅಪ್ಪಾ," ಎಂದ ಬಾಳೇಶ.

"ಯಾಕೋ? ಅಂಜಿಕೇನು?"

"ಫ್ಲೈವೀಲ್ ಕೆಡಿಸೀನಿ ನಾ. ಸೇಠರದು ಸ್ಟೀಲು. ನಮ್ಮದು ಬೀಡು. ಬೀಡಿನ್ನ ಆರೂವರಿಗೆ ಇಳಿಸಬಾರದು. ಹೈವೇದಾಗ ಒಡದ್ರ ಯಾರೂ ಉಳ್ಯೂದಿಲ್ಲ."

ಮೊದಲು ಮಾತಾಡಿದವಳು ಮನಿಷಾ. "ಯಾವಾಗ ಗೊತ್ತಾತು ಅಣ್ಣಾ?"

"ಗುರುವಾರ."

"ಗುರುವಾರ! ಶನಿವಾರ ಇವರು ಓಡಿಸ್ಯಾರ. ಅಪ್ಪ ಬಾಜುಕ್ಕ ಕುಂತಿದ್ದ. ನೀ ಹಿಂದ ಬೈಕ್ ತಗೊಂಡ ಹೋಗಿದ್ದಿ, ನೋಡಾಕ?"

ಅವಳು ಕೂಸನ್ನು ಎದೆಗೆ ಒತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು.

ನಾಗಲಿಂಗ ಮಗನ ಹತ್ತಿರ ಬಂದ. "ಅಳ್ಯಾರು ಗೀಟ ಹಾಕಿ ಕೊಟ್ಟಿದ್ರಲ್ಲೋ. ಗೀಟ ಯಾಕ ದಾಟಿದಿ?"

"ಹೊಟ್ಟಿಕಿಚ್ಚು ಅಪ್ಪಾ. ಮತ್ತೇನ ಹೇಳ್ಲಿ? ಅವರ ಗೀಟಿಗೆ ನಿಂತ್ರ ಅದು ಅವರ ಕೆಲಸ ಆಗ್ತಿತ್ತು. ನೀ ನನ್ನ ಕೈ ನೋಡಬೇಕಿತ್ತು."

ಮುದುಕ ಅಳಿಯನ ಕಡೆ ತಿರುಗಿದ. "ನೀವರೆ ಮಾಪ ತಗೊಂಡ ನೋಡಬೇಕೋ ಬ್ಯಾಡೋ? ತೂಕ ಆರೂವರಿ ಅಂತ ಕೇಳಿದಾಗ ಅನುಮಾನ ಬರ್ಲಿಲ್ಲೇನು?"

ಸುಜಯ ಬಾಗಿಲು ಹಿಡಿದೇ ನಿಂತಿದ್ದ. "ಬಂದಿತ್ರಿ ಮಾವಾರ. ಅಳತಿ ನೋಡೂ ವರ್ನಿಯರ್ ಕೈಯಾಗ ತಗೊಂಡಿದ್ನಿ. ಆಮ್ಯಾಲೆ ಅಣ್ಣಾರು ಮಾಡಿದ್ದಕ್ಕ ನಾ ಏನ ಮಾಪ ಹಾಕೂದು ಅಂತ ಇಟ್ಟಬಿಟ್ನಿ. ಅವರು ಗೀಟ ದಾಟ್ಯಾರ ಅಂದ್ರ ತಿಳದ ದಾಟ್ಯಾರ ಅನಕೊಂಡ್ನಿ."

ಬಾಳೇಶನಿಗೆ ಆ ಮಾತು ಬೈಗುಳಕ್ಕಿಂತ ಹೆಚ್ಚು ಸುಟ್ಟಿತು. ಅಪ್ಪ ಕೈ ಚಾಚಿದ. ಬಾಳೇಶ ಚಾವಿ ಮರಳಿ ಕೊಟ್ಟ.

ಬಾಡಿಗೆಯ ಟ್ರ್ಯಾಕ್ಸ್ ಜೀಪಿನಲ್ಲಿ ಹೋದರು. ಗುಡಿಯ ಮುಂದೆ ಕ್ಷೌರಿಕ ಕತ್ತರಿ ಒರೆಸಿಕೊಂಡು "ಸೋದರಮಾವ ಎಲ್ಲಿ?" ಎಂದು ಕನ್ನಡದಲ್ಲೊಮ್ಮೆ ಮರಾಠಿಯಲ್ಲೊಮ್ಮೆ ಕೂಗಿದ. ಸೋದರಮಾವನ ತೊಡೆಯ ಮೇಲೆ ಕೂಡ್ರಿಸಿಯೇ ಮೊದಲ ಕೂದಲು ತೆಗೆಯುವ ಪದ್ಧತಿ. ಬಾಳೇಶ ಕಂಬಳಿಯ ಮೇಲೆ ಕೂತ. ಮನಿಷಾ ಕೂಸನ್ನು ಕೊಡಲಿಲ್ಲ. ಸುತ್ತಲಿನ ಜನ ಪಿಸುಗುಡುವಷ್ಟು ಹೊತ್ತು ಎತ್ತಿಕೊಂಡೇ ನಿಂತಳು.

ಸುಜಯ ಅವಳ ಬಗಲಿನಿಂದ ಕೂಸನ್ನು ಎತ್ತಿಕೊಂಡು ಬಂದು ಬಾಳೇಶನ ತೊಡೆಯ ಮೇಲೆ ಇಟ್ಟ. "ಗಟ್ಟಿ ಹಿಡೀರಿ ಅಣ್ಣಾರ. ತಲಿ ಭಾಳ ಅಳ್ಳಾಡಸ್ತಾನ."

ಬಾಳೇಶ ಎರಡೂ ಕೈಯಲ್ಲಿ ಹಿಡಿದ. ಇಷ್ಟಾದರೂ ಈ ಮನುಷ್ಯನ ಒಳ್ಳೆಯತನದ ಮೇಲೆ ಅವನಿಗೆ ಹೊಟ್ಟೆಕಿಚ್ಚು ಹೋಗಲಿಲ್ಲ. ಇನ್ನೂ ಹೆಚ್ಚಾಯಿತು ಎಂದರೂ ಸುಳ್ಳಲ್ಲ.

ಮುಂದಿನ ರವಿವಾರ ಇಬ್ಬರೂ ಸೇರಿ ಗೇರ್ ಬಾಕ್ಸು ಇಳಿಸಿದರು. ಫ್ಲೈವೀಲು ಅಂಗಳಕ್ಕೆ ಬಂತು. ನಾಗಲಿಂಗ ಕಟ್ಟೆಯ ಮೇಲಿಂದ ಅಷ್ಟು ದಿನದಲ್ಲಿ ಮೊದಲ ಸಲ ಮಗನ ಜೊತೆ ಮಾತಾಡಿದ. "ಹಮಾರ ತಗೊಂಡ ಬಡಿ. ನೋಡೂಣು."

ಬಾಳೇಶ ದೊಡ್ಡ ಸುತ್ತಿಗೆ ಎತ್ತಿ ಬಡಿದ. ಎರಡನೆಯ ಏಟಿಗೆ ಚಕ್ರ ಮೂರು ಹೋಳಾಯಿತು. ಹೊಳೆಯುವ ಮುಖದ ಒಳಗಿನ ಬೂದುಬಣ್ಣ ಎಲ್ಲರಿಗೂ ಕಂಡಿತು. ಭರಮವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

"ಎರಡ ಏಟು," ಎಂದ ಮುದುಕ. ಕಟ್ಟೆಯಿಂದ ಇಳಿದು ಒಂದು ಹೋಳು ಎತ್ತಿ ನೋಡಿದ. "ಸ್ಟೀಲ್ ತಗೊಂಡ ಬಾ. ಇನ್ನೊಂದ ಮಾಡು. ಈ ಸಲ ನಾನೂ ವರ್ಕ್‌ಶಾಪಿಗೆ ಬರ್ತೀನಿ."

ಬುಧವಾರ ಪಾಳಿ ಮುಗಿದ ಮೇಲೆ ಮುದುಕ ಬಂದು ಈರಣ್ಣನ ಸ್ಟೂಲಿನ ಮೇಲೆ ಕೂತ. ಸುಜಯ ಸ್ಟೀಲಿನ ಗಟ್ಟಿಯ ಮೇಲೆ ಗೀಟು ಎಳೆದ. ನೀಲಿ ಸುರುಳಿಗಳು ಬಾಳೇಶನ ಬೂಟಿನ ಮೇಲೆ ಬಿದ್ದವು. ಉಳಿ ಗೀಟಿನ ಹತ್ತಿರ ಬಂತು, ಮುಟ್ಟಿತು. ಇನ್ನೊಂದು ಕೂದಲೆಳೆ ಒಳಗೆ ಹೋಗು ಎಂದು ಕೈ ಅಂದಿತು. ಬಾಳೇಶ ಮಶೀನು ಬಂದ್ ಮಾಡಿದ.

"ಆತೇನು?" ಎಂದು ಸ್ಟೂಲಿನಿಂದ ಎದ್ದು ಬಂದ ನಾಗಲಿಂಗ, ಸವರಿ ನೋಡಲು ಹೆಬ್ಬೆರಳು ಚಾಚಿದ.

"ತಡಿ ಅಪ್ಪಾ," ಎಂದು ಬಾಳೇಶ ಕಪಾಟಿನಿಂದ ವರ್ನಿಯರ್ ತೆಗೆದು ಒರೆಸಿ, ಸುಜಯನ ಕೈಗೆ ಕೊಟ್ಟ. "ಮೊದಲ ಅಳ್ಯಾರು ಮಾಪ ತಗೋಲಿ."

"ನಿಮ್ಮ ಕೈ ಮ್ಯಾಲೆ ನನಗ ಭರೋಸಾ ಐತಿ ಅಣ್ಣಾರ."

"ನನಗಿಲ್ಲ," ಎಂದ ಬಾಳೇಶ. "ತಗೋರಿ."